ಚೌಡಿ ತಿರುವಿನಲ್ಲಿ ಮೂರು ನಿಮಿಷ

11 ನವೆಂಬರ್ 2024, ಸೋಮವಾರ

ದಾರಿ ಬದಿಯ ದೇವತೆ ಚೌಡಿಯ ಕಥೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ಹೊನ್ನಿ. ನಾನು ಎರಡನೇ ಇಯತ್ತೆಯಲ್ಲಿದ್ದಾಗ, ಹೆಗ್ಗರಣೆಯ ಮನೆಯಂಗಳದಲ್ಲಿ ಭತ್ತ ಕೇರುತ್ತಾ ಹೇಳಿದ್ದಳು. ದಾರಿಹೋಕನೊಬ್ಬ ಚೌಡಿಯ ಕಲ್ಲಿನ ಮುಂದೆ ನಿಲ್ಲದೆ ಅವಸರದಲ್ಲಿ ಹೋದನಂತೆ. ಸಂಜೆಯವರೆಗೆ ನಡೆದರೂ ತಿರುಗಿ ತಿರುಗಿ ಅದೇ ಕಲ್ಲಿನ ಮುಂದೆ ಬಂದನಂತೆ. "ನನಗೆ ಮೂರು ಗಳಿಗೆ ಕೊಡಲಾರದವನಿಗೆ ಊರು ಯಾಕೋ?" ಎಂದಳಂತೆ ಚೌಡಿ.

ಅದೇ ಕಥೆಯನ್ನು ಎರಡನೇ ಸಲ ಹೇಳಿದವನು ನಾನು. ಎರಡು ವರ್ಷದ ಹಿಂದೆ, ಸಿದ್ದಾಪುರದಿಂದ ಹೆಗ್ಗರಣೆ, ಹೆಗಡೆಕಟ್ಟಾ ಸುತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲಿ, ಟಿಕೆಟ್ ಮಷಿನ್ ಕುತ್ತಿಗೆಗೆ ಹಾಕಿಕೊಂಡು ನಿಂತು ಹೇಳಿದೆ. ಕಥೆಯಲ್ಲಿ ಮಾಡಿದ ಬದಲಾವಣೆ ಒಂದೇ. ಅಜ್ಜಿಯ ಚೌಡಿಯನ್ನು ಅವಳಿದ್ದ ಜಾಗದಿಂದ ಒಂಬತ್ತು ಕಿಲೋಮೀಟರ್ ಈಚೆಗೆ, ಮಂಜಿಯ ಮನೆಯ ತಿರುವಿಗೆ ವರ್ಗಾವಣೆ ಮಾಡಿದೆ. ಅಲ್ಲೊಂದು ಮತ್ತಿಮರ, ಬುಡದಲ್ಲೊಂದು ಕಲ್ಲು ಮೊದಲೇ ಇತ್ತು. ಕಲ್ಲಿನ ಹಿಂದೆ ಹತ್ತು ಹೆಜ್ಜೆಯಲ್ಲಿ ಮಂಜಿಯ ಮನೆಯ ಪಾಯಖಾನೆ.

ನನಗೆ ಬೇಕಾಗಿದ್ದದ್ದು ಅದು.

ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗುವ ಕಾಯಿಲೆ ನನ್ನದು. ಬಂತು ಎಂದರೆ ಬಂತು, ಬೆಲ್ ಹೊಡೆಯುವಷ್ಟು ಪುರಸೊತ್ತೂ ಕೊಡುವುದಿಲ್ಲ. ರಕ್ತವೂ ಹೋಗುತ್ತದೆ. ಐವತ್ತು ಜನರ ಎದುರು ಕಂಡಕ್ಟರ್ ಆದವನು ಇದನ್ನು ಹೇಗೆ ಹೇಳುವುದು? "ಚೌಡಿಗೆ ಮೂರು ನಿಮಿಷ" ಎಂದರೆ ಎಲ್ಲರೂ ಕೈಮುಗಿದು ಸುಮ್ಮನಿರುತ್ತಾರೆ. ನಾನು ಊದಿನಕಡ್ಡಿ ಹಿಡಿದು ಕಲ್ಲಿನ ಹಿಂದೆ ಹೋಗುತ್ತೇನೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಬಸ್ಸು ದಿನಾ ಒಂದೇ ಕಡೆ ಸುಮ್ಮನೆ ನಿಲ್ಲುತ್ತದೆ, ತನಗೆ ಕೋರ್ಟಿಗೆ ತಡವಾಗುತ್ತದೆ ಎಂದು ವಕೀಲರೊಬ್ಬರು ಡಿಪೋಕ್ಕೆ ದೂರು ಕೊಟ್ಟಿದ್ದಾರೆ. ನನಗೂ ಡ್ರೈವರ್ ಭರತ್‌ಗೂ ಲಿಖಿತ ವಿವರಣೆ ಕೇಳಿದ್ದಾರೆ. ನಾಳೆ ಸುಳ್ಳು ಬರೆಯಬೇಕು. ಅದಕ್ಕೆ ಮೊದಲು ನಿಜವನ್ನು ಒಂದು ಕಡೆ ಬರೆದಿಟ್ಟರೆ ಎರಡೂ ಕಲಸಿಹೋಗುವುದಿಲ್ಲ.

ಇವತ್ತು ಪಾಯಖಾನೆಗೆ ನಾಲ್ಕು ಸಲ.

14 ನವೆಂಬರ್, ಗುರುವಾರ

ಕಲಸಿಹೋಯಿತು.

"ಎಂಜಿನ್ ಕಾಯುವುದರಿಂದ ನಿಲ್ಲಿಸುತ್ತೇವೆ" ಎಂದು ನಾನು ಬರೆದುಕೊಟ್ಟಿದ್ದೆ. ಭರತ್‌ಗೆ ಹೇಳುವುದು ಮರೆತಿದ್ದೆ. ನಮ್ಮ ಮ್ಯಾನೇಜರ್ ಸಾಹೇಬರು ಹಾವೇರಿ ಕಡೆಯವರು. ಎರಡೂ ಕಾಗದ ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದರು.

"ಬರ್ರಿ ನಾಯ್ಕ, ಕುಂದ್ರಿ. ನೀವು ಎಂಜಿನ್ ಕಾಯ್ತದ ಅಂತ ಬರ್ದೀರಿ. ನಿಮ್ಮ ಡ್ರೈವರ್ ಚೌಡವ್ವ ಕಾಯ್ತಾಳ ಅಂತ ಬರ್ದಾನ. ಒಂದ ಬಸ್ಸು, ಎಷ್ಟ ಮಂದಿ ಕಾಯ್ತೀರಪಾ?"

ಭರತ್ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಆಮೇಲೆ ಭರತ್‌ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸರ್ವೀಸಿಗೆ ಸೇರಿದ ಮೇಲೆ ನಾನು ಸುಳ್ಳು ಬೆರೆಸದೆ ನಿಜ ಹೇಳಿದ್ದು ಇದೇ ಮೊದಲು. ಅವರು ಪೆನ್ನಿನ ಟೋಪಿ ಹಾಕಿ ಪಕ್ಕಕ್ಕಿಟ್ಟರು.

"ಡಾಕ್ಟರ್ ಕಡೆಯಿಂದ ರಿಪೋರ್ಟ್ ತಗೊಂಡ ಬರ್ರಿ. ಅಲ್ಲೀ ತನಕ ಮೂರ ನಿಮಿಷ, ನಾಕ ಆಗಬಾರ್ದು. ಆರಾಮ ಆಗಿದ್ರ ಅಲ್ಲೆ ನಿಲ್ಲಿಸೂದು ಬಂದ್. ಆಗಿಲ್ಲ ಅಂದ್ರ ಬಸ್ಸು ಬಂದ್, ಆಫೀಸಿನ್ಯಾಗ ಕುರ್ಚಿ ಹಾಕಿಸ್ತೀನಿ."

ಆಫೀಸಿನಲ್ಲಿ ಕುರ್ಚಿ! ಹತ್ತೊಂಬತ್ತು ವರ್ಷ ನಿಂತೇ ಮಾತಾಡಿದ ಬಾಯಿ ಇದು. ಫೈಲಿಗೆ ಯಾವ ಕಥೆ ಹೇಳುವುದು?

ಮೂರು ಸಲ. ಅದರಲ್ಲಿ ಒಂದು, ಸಾಹೇಬರ ಕೋಣೆಯಿಂದ ಹೊರಬಿದ್ದ ಕೂಡಲೇ.

20 ನವೆಂಬರ್, ಬುಧವಾರ

ಹುಬ್ಬಳ್ಳಿ. ಎಂಟು ವಾರಕ್ಕೊಮ್ಮೆ ಸಲೈನಿನಲ್ಲಿ ಹನಿಸುವ ಔಷಧ ಇವತ್ತು ಐದನೆಯದು. ಹೋಗುವ ದಾರಿಯಲ್ಲಿ ಮುಂಡಗೋಡದಲ್ಲೊಂದು, ತಡಸದಲ್ಲೊಂದು, ಹೀಗೆ ಎಲ್ಲ ಶೌಚಾಲಯಗಳ ನಕಾಶೆ ನನ್ನ ತಲೆಯಲ್ಲಿದೆ. ಬೇರೆಯವರು ಗುಡಿ ನೆನಪಿಟ್ಟುಕೊಳ್ಳುತ್ತಾರೆ.

ಡಾಕ್ಟರ್ ಸುಜಯ ನನಗಿಂತ ಹತ್ತು ವರ್ಷ ಚಿಕ್ಕವರು.

"ಹೇಗಿದ್ದೀರಿ?"

"ಕಡಿಮೆ ಇದೆ ಸರ್. ರಕ್ತ ಇಲ್ಲ."

"ಹೋದ ವರ್ಷವೂ ಹಾಗೇ ಹೇಳಿದ್ರಿ. ಹೊರಗೆ ತಣ್ಣಗಿತ್ತು, ಒಳಗೆ ಉರೀತಿತ್ತು. ಹಾಗಾಗಿ ನಿಮ್ಮ ಬಾಯನ್ನ ನಾನು ನಂಬಲ್ಲ, ಕರುಳನ್ನೇ ಕೇಳ್ತೀನಿ."

ನನ್ನ ಬಾಯನ್ನು ನಂಬದ ಮೊದಲ ಮನುಷ್ಯ ಇವರಲ್ಲ.

ಕೊಳವೆ ಹಾಕಿ ನೋಡಲು ಅವರಿಗೆ ಈಗ ಧೈರ್ಯವಿಲ್ಲ, ಹಿಂದೆ ಕರುಳಿನ ಗೋಡೆ ತುಂಬ ತೆಳುವಾಗಿತ್ತು. ಆದ್ದರಿಂದ ಮೇ ತಿಂಗಳಲ್ಲಿ ಮಾಡಿದ ಅಣುಚಿತ್ರಣದ ಸ್ಕ್ಯಾನನ್ನೇ ಮತ್ತೊಮ್ಮೆ ಮಾಡುತ್ತಾರೆ. ನನ್ನದೇ ರಕ್ತ ತೆಗೆದು, ಅದರೊಳಗಿನ ಬಿಳಿಕಣಗಳನ್ನು ಬೇರೆ ಮಾಡಿ, ಒಂದಿಷ್ಟು ವಿಕಿರಣದ ಪದಾರ್ಥ ಅಂಟಿಸಿ ವಾಪಸು ನನಗೇ ಚುಚ್ಚುತ್ತಾರೆ. ಬಿಳಿಕಣ ಎಂದರೆ ಮೈಯೊಳಗಿನ ಬೆಂಕಿ ಆರಿಸುವ ದಳ. ಎಲ್ಲಿ ಉರಿಯಿದೆಯೋ ಅಲ್ಲಿಗೆ ಓಡುತ್ತವೆ. ಎಲ್ಲಿ ಗುಂಪುಗೂಡಿದವು ಎಂದು ಹೊರಗಿನ ಕ್ಯಾಮೆರಾ ನೋಡುತ್ತದೆ. ಮೇ ತಿಂಗಳ ಚಿತ್ರದ ಪಕ್ಕ ಈಗಿನದನ್ನು ಇಟ್ಟರೆ ಔಷಧ ಗೆದ್ದಿತೋ ಸೋತಿತೋ ತಿಳಿಯುತ್ತದೆ.

"ಸೋತಿದ್ದರೆ?"

"ದೊಡ್ಡ ಕರುಳು ತೆಗೀಬೇಕಾಗಬಹುದು. ಹೊಟ್ಟೆಗೆ ಒಂದು ಚೀಲ ಕಟ್ತೀವಿ. ಅದನ್ನ ಕಟ್ಟಿಕೊಂಡು ಜನ ಎಲ್ಲ ಕೆಲಸ ಮಾಡ್ತಾರೆ, ಹೆದರಬೇಡಿ."

"ಕಂಡಕ್ಟರ್ ಸರ್ ನಾನು. ಹೆಗಲಿಗೊಂದು ಚೀಲ ಆಗಲೇ ಇದೆ."

ಅವರು ನಕ್ಕರು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ನಗು ಬರಲಿಲ್ಲ.

ಮನೆಗೆ ಬಂದು ಹೆಂಡತಿ ತನುಜಾಳಿಗೆ ಹೇಳಿದೆ. ಡಿಸೆಂಬರ್ ಒಂಬತ್ತಕ್ಕೆ ಸ್ಕ್ಯಾನ್, ಸಾಹೇಬರಿಗೆ ಗೊತ್ತಿದ್ದರೂ ಅರ್ಜಿ ನೋಡುವ ಗುಮಾಸ್ತರಿಗೆ ಗೊತ್ತಾಗಬಾರದು, ರಜೆಗೆ ಮದುವೆ ಎಂದು ಬರೆಯುತ್ತೇನೆ ಎಂದೆ.

"ಮೇ ತಿಂಗಳಲ್ಲಿ ಯಾರ ಮದುವೆ ಅಂದಿದ್ರಿ?"

"ನಿನ್ನ ಅಣ್ಣನ ಮಗಳದ್ದು."

"ಅವಳನ್ನ ಇನ್ನೊಂದು ಸಲ ಮದುವೆ ಮಾಡ್ಬೇಡಿ, ಪಾಪ. ನಿಮ್ಮ ಸುಳ್ಳಿಗೆಲ್ಲ ಟಿಕೆಟ್ ಹರಿಯೂದಾದ್ರೆ ಮಷಿನ್ನಿನ ಕಾಗದ ಸಾಕಾಗೂದಿಲ್ಲ."

ಮೂರು ಸಲ. ತಡಸ ಸೇರಿ.

28 ನವೆಂಬರ್, ಗುರುವಾರ

ಚೌಡಿಗೆ ಗಂಟೆ ಬಂದಿದೆ! ಯಾರೋ ಮತ್ತಿಮರದ ಕೊಂಬೆಗೆ ಹಿತ್ತಾಳೆಯದ್ದು ಕಟ್ಟಿದ್ದಾರೆ. ಕೆಂಪು ವಸ್ತ್ರವಂತೂ ಕಳೆದ ವರ್ಷವೇ ಬಂದಿತ್ತು. ಕಾಲೇಜಿನ ಸ್ಫೂರ್ತಿ ಹರಕೆ ಹೊತ್ತು ಎರಡು ವಿಷಯ ಪಾಸಾಗಿದ್ದಾಳೆ. ಸಿದ್ದಾಪುರ ದಾಟಿದ ಕೂಡಲೇ ಹತ್ತಿ ಶಿರಸಿಯ ಸೊಸೈಟಿಗೆ ದಿನಾ ಕೆಲಸಕ್ಕೆ ಬರುವ ಪರಿಮಳಕ್ಕ ಪ್ರತಿ ಗುರುವಾರ ಐದು ದಾಸವಾಳ ತರುತ್ತಾರೆ. "ಚೌಡಿಗೆ ಕೆಂಪೇ ಆಗವು" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆ ಆಡಿಸುತ್ತೇನೆ. ಅಜ್ಜಿ ಇದ್ದಿದ್ದರೆ ಕೇರುವ ಮೊರದಲ್ಲೇ ಬಾರಿಸುತ್ತಿದ್ದಳು.

ಮಂಜಿ ಇವತ್ತು ಪಾಯಖಾನೆಯ ಹೊರಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಎಂತದ್ರಾ ಕಂಡಕ್ಟ್ರೆ, ಒಳಗೆ ಹೋತ್ರಿ, ಸುಮ್ನೆ ಒಂದು ಚೊಂಬು ನೀರು ಹೊಯ್ತ್ರಿ, ಬತ್ರಿ. ಮೂರು ದಿನ ಆತು, ನೋಡ್ತಾ ಇದ್ದೆ. ನಾನು ಬಾವಿಂದ ಎಳೆದ ನೀರದು!"

"ಬಂದರೆ ಎಂದು ಹೆದರಿಕೆ ಮಂಜಿ."

"ಬರದೇ ಇದ್ದದ್ದಕ್ಕೂ ಹೆದರ್ತ್ರನ? ಒಳ್ಳೆ ಕಥೆ."

ಅವಳಿಗೇನು ಗೊತ್ತು. ಒಂದು ಸಲ ಬಸ್ಸಿನಲ್ಲಿ ಆದದ್ದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಎರಡು ಸಲ. ಮಂಜಿಯ ಮನೆಯದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

5 ಡಿಸೆಂಬರ್, ಗುರುವಾರ

ಗೋಳಿಬಜೆ ತಿಂದೆ. ಎರಡು. ಸಿದ್ದಾಪುರ ನಿಲ್ದಾಣದಲ್ಲಿ ಭರತ್ ತಿನ್ನುತ್ತಿದ್ದ, ಅವನ ಕಾಗದದಿಂದಲೇ ತೆಗೆದುಕೊಂಡೆ. "ಮನೋಹರಣ್ಣಾ, ನಿಂಗೆ ಆಗೂದಿಲ್ಲಲ್ಲಾ" ಎಂದ. ಬಿಸಿ ಇತ್ತು, ಒಳ್ಳೆಯದಿತ್ತು.

9 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಎಂಟಕ್ಕೆಲ್ಲ ಆಸ್ಪತ್ರೆ. ಕೈಗೆ ಚೀಟಿ ಕಟ್ಟಿದವಳು ಆಯಾ ಸಿದ್ದವ್ವ.

"ಕುಂದ್ರಿ ಅಣ್ಣಾರ. ಮದವಿ ಗಂಡಿನಂಗ ಯಾಕ ನಡಗಾಕತ್ತೀರಿ?"

"ಮದುವೆಗೆ ಅಂತಲೇ ರಜೆ ಹಾಕಿ ಬಂದಿದ್ದೇನೆ ಅವ್ವಾ."

"ಹಂಗಾರ ಅಕ್ಕಿಕಾಳು ನಾ ಹಾಕ್ತೀನಿ, ಸೂಜಿ ಅವ್ರು ಹಾಕ್ತಾರ."

ಐವತ್ತು ಮಿಲಿಯಷ್ಟು ರಕ್ತ ತೆಗೆದರು. ಸ್ಕ್ಯಾನ್ ಮಾಡುವ ತುಷಾರ ಎಂಬ ಹುಡುಗನಿಗೆ ಮೀಸೆ ಈಗಷ್ಟೇ ಬರುತ್ತಿದೆ. ಅವನು ವಿವರಿಸುತ್ತಿದ್ದಂತೆ ನಾನೇ ಮುಂದುವರಿಸಿದೆ: "ಗೊತ್ತಾಯಿತು ತಮ್ಮಾ. ಬಿಳಿಕಣ ಎಂದರೆ ಪ್ರಯಾಣಿಕರು. ಒಬ್ಬೊಬ್ಬರಿಗೂ ಟಿಕೆಟ್ ಕೊಟ್ಟು ಹತ್ತಿಸುತ್ತೀರಿ. ಎಲ್ಲಿ ಇಳಿದರು ಎಂದು ನೋಡುತ್ತೀರಿ."

ಅವನಿಗೆ ಖುಷಿಯಾಯಿತು. "ಹೌದು ಸರ್. ಗುಲ್ಮ, ಯಕೃತ್ತು, ಎಲುಬಿನ ಮಜ್ಜೆ, ಅಲ್ಲೆಲ್ಲ ಯಾವಾಗ್ಲೂ ಇಳೀತಾರೆ. ಕಾಯಂ ನಿಲ್ದಾಣ. ಕರುಳಲ್ಲಿ ಇಳೀಬಾರದು."

"ಕರುಳು ಕೋರಿಕೆಯ ನಿಲುಗಡೆ."

ಹನ್ನೊಂದಕ್ಕೆ ಟಿಕೆಟ್ ಪಡೆದ ನನ್ನ ಪ್ರಯಾಣಿಕರನ್ನು ವಾಪಸು ನನ್ನೊಳಗೆ ಹತ್ತಿಸಿದರು. ಒಂದು ತಾಸಾದ ಮೇಲೊಮ್ಮೆ, ಮೂರು ತಾಸಾದ ಮೇಲೊಮ್ಮೆ ಚಿತ್ರ. ತೆಳ್ಳಗಿನ ಮಂಚ, ಮೇಲೆ ರೊಟ್ಟಿಹಂಚಿನಂಥ ದೊಡ್ಡ ಕ್ಯಾಮೆರಾ, ಹೊಟ್ಟೆಯ ಮೇಲೆ ಕುಳಿತುಕೊಳ್ಳುತ್ತದೆ ಎನ್ನುವಷ್ಟು ಹತ್ತಿರ. ಅಲುಗಾಡಬಾರದು. ಮೇ ತಿಂಗಳಲ್ಲಿ ಇದೇ ಮಂಚದಿಂದ ಮೂರು ಸಲ ಎದ್ದು ಓಡಿದ್ದೆ. ಇವತ್ತು ತುಷಾರ ಭುಜ ತಟ್ಟಿ "ಮುಗೀತು ಸರ್, ನಿದ್ದೆ ಮಾಡ್ತಿದ್ರಿ" ಎಂದ. ಗೊರಕೆ ಹೊಡೆದೆನಾ ಎಂದು ಕೇಳಿದೆ. ಹೌದಂತೆ. ಚಿತ್ರ ಅಲುಗಿಲ್ಲವಂತೆ.

ಪರದೆಯ ಕಡೆ ಕಣ್ಣು ಹಾಯಿಸಿದೆ. ಅವನು ಅಡ್ಡ ನಿಂತ. "ಡಾಕ್ಟರೇ ಹೇಳ್ತಾರೆ." ಹೊರಡುವಾಗ ಮಾತ್ರ ಹೇಳಿದ: ನೀರು ಚೆನ್ನಾಗಿ ಕುಡಿಯಿರಿ. ನಾಳೆ ಬೆಳಗಿನವರೆಗೆ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ, ಬಸುರಿಯರ ಪಕ್ಕ ಬಹಳ ಹೊತ್ತು ಕೂರಬೇಡಿ. ಉಳಿದವರಿಗೆ ಏನೂ ತೊಂದರೆ ಇಲ್ಲ.

ರಾತ್ರಿ ಯಲ್ಲಾಪುರದ ಅಕ್ಕನ ಮನೆಯಲ್ಲಿ ಉಳಿಯುವುದು ಎಂದಿತ್ತು. ಗೇಟಿನ ಬಳಿ ನಿಂತಾಗ ನೆನಪಾಯಿತು, ಅವಳ ಸೊಸೆ ಚೇತನಾಗೆ ಐದು ತಿಂಗಳು. ವಿಷಯ ತಿಳಿದ ಗಗನಕ್ಕ ಗೇಟಿನ ಕಂಬದ ಮೇಲೆ ಬುತ್ತಿಪಾತ್ರೆ ಇಟ್ಟು, ನಾಲ್ಕು ಮಾರು ಹಿಂದೆ ಸರಿದು, "ತಗಾ" ಎಂದಳು.

"ನಿನಗೇನೂ ಆಗೂದಿಲ್ಲ ಅಕ್ಕಾ!"

"ಇರ್ಲಿ. ಸೂತಕ ಒಂದೇ ದಿನದ್ದಲಾ, ಮುಗಿಸ್ಕಂಡು ಬಾ."

ಹಾಗಾಗಿ ಶಿರಸಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಂಚಿಕೇರಿಯ ಹತ್ತಿರ ಬಸ್ಸು ತುಂಬಿತು. ನಿಂತಿದ್ದ ಹೆಂಗಸೊಬ್ಬಳು ನಮ್ಮ ಕಡೆಯ ರೂಢಿಯಂತೆ, ಕೇಳದೆ ಮಾಡದೆ, ಕೈಕೂಸನ್ನು ನನ್ನ ತೊಡೆಯ ಮೇಲೆ ಇಡಲು ಬಗ್ಗಿದಳು. ಹಾವು ತುಳಿದವನಂತೆ ಎದ್ದು ನಿಂತೆ.

"ಬೇಡ ತಂಗೀ! ನೀನೇ ಕೂತ್ಕೋ!"

"ಅಯ್ಯೋ, ಕೂಸು ಕಚ್ಚೂದಿಲ್ಲ ಅಣ್ಣಾ."

ಬಸ್ಸೆಲ್ಲ ತಿರುಗಿ ನೋಡಿತು. ಮಕ್ಕಳನ್ನು ಕಂಡರಾಗದವನು ಎಂಬ ಮುಖಗಳು. ನನಗೆ ಹೊಳೆಯದ ಸುಳ್ಳಿಲ್ಲ, ಆದರೆ ಆ ಗಳಿಗೆಯಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ: ಕರುಳಿನಲ್ಲಿ ಹುಣ್ಣು, ಒಳಗೆ ವಿಕಿರಣ ಹಾಕಿ ಚಿತ್ರ ತೆಗೆದಿದ್ದಾರೆ, ಎಳೆಮಕ್ಕಳಿಂದ ಒಂದು ದಿನ ದೂರ.

ನಿಮಿಷದೊಳಗೆ ನನ್ನ ಸುತ್ತ ಮೂರು ಸಾಲು ಖಾಲಿ. ಮುಂದೆ ಜನ ಒಬ್ಬರ ಹೆಗಲ ಮೇಲೊಬ್ಬರು. ದೊಡ್ಡವರಿಗೆ ಏನೂ ಆಗದು ಎಂದು ಎಷ್ಟು ಹೇಳಿದರೂ ಯಾರಿಗೂ ಬೇಡ. ಯಲ್ಲಾಪುರದಿಂದ ಬಂದ ಭಟ್ಟರೊಬ್ಬರು ಮಾತ್ರ ಅಲ್ಲೇ ಕೂತಿದ್ದರು.

"ಎಂತಾ ಕಾಲ ಬಂತು ಮಾರಾಯ! ಕೈಗಾ ಅಣುಸ್ಥಾವರ ಬ್ಯಾಡ ಹೇಳಿ ಆನು ಮೂರು ದಿನ ಪಾದಯಾತ್ರೆ ಮಾಡಿದ್ದಿ, ಕಾಲೆಲ್ಲಾ ಬೊಬ್ಬೆ. ನೀನು ನೋಡಿದ್ರೆ ಹೊಟ್ಟೆ ಒಳಗೇ ಹಾಕ್ಯಂಡು ಬೈಂದೆ."

"ನೀವು ಯಾಕೆ ದೂರ ಹೋಗಲಿಲ್ಲ ಭಟ್ರೆ?"

"ಎಂಗೆ ಎಂಬತ್ತೊಂದು. ಇನ್ನು ಬಸುರಿ ಆಪಲೆ ಅಂದಾಜಿಲ್ಲೆ."

ಮುಂದಿನಿಂದ ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಶಿರಸಿಯವರೆಗೆ ಪ್ರಶ್ನೆಯೋ ಪ್ರಶ್ನೆ. ದಿನಕ್ಕೆ ಎಷ್ಟು ಸಲ, ಎಂತ ತಿಂತ್ರಿ, ರಾತ್ರಿ ಮೈ ಹೊಳೀತದಾ. ಎಲ್ಲದಕ್ಕೂ ಉತ್ತರ ಕೊಟ್ಟೆ. ಗುರುತಿಲ್ಲದ ಜನ, ನಾಳೆ ಸಿಗುವವರಲ್ಲ. ನಮ್ಮ ಬಸ್ಸಿನಲ್ಲಿ ಇದೆಲ್ಲ ಸಾಧ್ಯವೇ!

16 ಡಿಸೆಂಬರ್, ಸೋಮವಾರ

ಡಾಕ್ಟರ್ ಸುಜಯ ಎರಡು ಚಿತ್ರ ಅಕ್ಕಪಕ್ಕ ಇಟ್ಟರು. ಮೇ ತಿಂಗಳದ್ದರಲ್ಲಿ ಹೊಟ್ಟೆಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಕಪ್ಪು ಪಟ್ಟೆ, ದೋಸೆ ಸೀದ ಹಾಗೆ. ಈ ಸಲದ್ದರಲ್ಲಿ ಕಾಯಂ ನಿಲ್ದಾಣಗಳು ಮಾತ್ರ. ನಾನು ಬಗ್ಗಿ ಹುಡುಕಿದೆ. ಕೆಳಗೆ ಒಂದು ಕಡೆ ಸಣ್ಣ ಮಸಿ.

"ಅದು?"

"ಅಷ್ಟು ಉಳಿದಿದೆ. ಔಷಧ ಕೆಲಸ ಮಾಡಿದೆ. ಆಪರೇಷನ್ ಮಾತೇ ಇಲ್ಲ."

"ಅದು ದೃಷ್ಟಿಬೊಟ್ಟು ಸರ್, ಇರಲಿ ಬಿಡಿ."

"ದೃಷ್ಟಿಬೊಟ್ಟಲ್ಲ. ಔಷಧ ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತೆ. ಎಂಟು ವಾರ ಅಂದ್ರೆ ಎಂಟು ವಾರ, ಮದುವೆ ಗಿದುವೆ ಹೇಳಬೇಡಿ."

ತನುಜಾ ಇವರಿಗೆ ಫೋನು ಮಾಡಿರಬೇಕು.

ಸಂಜೆ ಡಿಪೋಕ್ಕೆ ರಿಪೋರ್ಟ್ ಕೊಟ್ಟೆ. ಸಾಹೇಬರು ಕನ್ನಡಕ ಏರಿಸಿ ಓದಿ, "ಛಲೋ ಆತು. ಬಸ್ಸು ನಿಮ್ದ. ನಾಳಿಂದ ಚೌಡವ್ವಗ ರಜಾ" ಎಂದರು. ಹುಬ್ಬಳ್ಳಿಯಿಂದ ಬರುವಾಗ ತಡಸದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತಂತೆ. ನಾನು ನಿದ್ದೆಯಲ್ಲಿದ್ದೆ.

17 ಡಿಸೆಂಬರ್, ಮಂಗಳವಾರ

ಬಸ್ಸು ನನಗೆ ಉಳಿಯಿತು. ಚೌಡಿಯನ್ನು ಇಳಿಸುವುದು ಹೇಗೆ ಎಂದು ಮಾತ್ರ ಯೋಚಿಸಿರಲಿಲ್ಲ.

ಬೆಳಿಗ್ಗೆ ತಿರುವಿನಲ್ಲಿ ಮುಂದೆ ಹೋಗು ಎಂದು ಡಬಲ್ ಬೆಲ್ ಹೊಡೆದೆ. ಭರತ್ ನಿಲ್ಲಿಸದೆ ಹೋದ. ಬಸ್ಸಿನಲ್ಲಿ ಹಾಹಾಕಾರ! "ಕಂಡಕ್ಟ್ರೆ, ಚೌಡಿ!" ಮುದುಕಿಯೊಬ್ಬಳು ಅಳಲು ಶುರುಮಾಡಿದಳು. ಸ್ಫೂರ್ತಿಗೆ ಮಧ್ಯಾಹ್ನ ಪರೀಕ್ಷೆ, ಅವಳ ಮುಖ ಬಿಳಿಚಿಹೋಯಿತು. ಮೇಲಧಿಕಾರಿಗಳ ಆದೇಶ ಎಂದೆ. "ಚೌಡಿಗಿಂತ ಮೇಲಿನ ಅಧಿಕಾರಿ ಯಾರಡಾ?" ಎಂದರು ಪರಿಮಳಕ್ಕ. ಹೆಗಡೆಕಟ್ಟಾದ ಏರಿನಲ್ಲಿ ಬಸ್ಸು ಒಮ್ಮೆ ಕೆಮ್ಮಿತು ನೋಡಿ, ಅರ್ಧ ಬಸ್ಸು ಕಣ್ಣು ಮುಚ್ಚಿ ಕೈಮುಗಿಯಿತು.

ಪರೀಕ್ಷೆಗೆ ಹೋಗುವ ಹುಡುಗಿಯ ಆ ಮುಖ ಮಧ್ಯಾಹ್ನವೆಲ್ಲ ಕಣ್ಣಮುಂದೆ. ಅಜ್ಜಿ ಕಥೆ ಹೇಳಿ ಮುಗಿಸಿ, "ಕಥೆ ಆತು, ಏಳು" ಎನ್ನುತ್ತಿದ್ದಳು. ನಾನು ಆ ಮಾತು ಹೇಳದೆ ಎರಡು ವರ್ಷ ಇವರನ್ನು ಕೂರಿಸಿಬಿಟ್ಟಿದ್ದೇನೆ.

ಸಂಜೆಯ ಬಸ್ಸಿನಲ್ಲಿ ಅವರೇ ಜನ. ಶಿರಸಿ ದಾಟಿದ ಮೇಲೆ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಲ್ಲಿ ಯಾವ ಚೌಡಿಯೂ ಇಲ್ಲ, ಅಜ್ಜಿಯ ಕಥೆಯಿಂದ ಕದ್ದು ತಂದದ್ದು. ನನ್ನ ಕರುಳಿನಲ್ಲಿ ಹುಣ್ಣಿತ್ತು, ತಡೆಯಲಾಗುತ್ತಿರಲಿಲ್ಲ, ಹೇಳಲು ನಾಚಿಕೆ. ಕಲ್ಲಿನ ಹಿಂದೆ ಮಂಜಿಯ ಪಾಯಖಾನೆ ಇದೆ. ಹುಬ್ಬಳ್ಳಿಯಲ್ಲಿ ಬಿಳಿಕಣಗಳಿಗೆ ಟಿಕೆಟ್ ಕೊಟ್ಟು ನೋಡಿದರು, ಈಗ ಗುಣವಾಗುತ್ತಿದೆ, ಇನ್ನು ನಿಲ್ಲಿಸುವ ಕಾರಣವಿಲ್ಲ. ನಗಿಸಲು ಎರಡು ಕಡೆ ಪ್ರಯತ್ನಪಟ್ಟೆ.

ಯಾರೂ ನಗಲಿಲ್ಲ. ಯಾರೂ ಬಯ್ಯಲೂ ಇಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಊರಿನಲ್ಲಿ ನನ್ನ ಮುಖ ನೋಡದೆ ಇಳಿದುಹೋದರು. ಪರಿಮಳಕ್ಕ ಕೂಡ.

ಕುರ್ಚಿಯೇ ಲೇಸಿತ್ತೇನೋ.

18 ಡಿಸೆಂಬರ್, ಬುಧವಾರ

ಬೆಳಿಗ್ಗೆ ಎಲ್ಲರೂ ಹತ್ತಿದರು. ಹೆಂಗಸರು ಆಧಾರ್ ಕಾರ್ಡು ತೋರಿಸಿದರು, ನಾನು ಸೊನ್ನೆಯ ಟಿಕೆಟ್ ಹರಿದುಕೊಟ್ಟೆ. ಹೆಗ್ಗರಣೆ ದಾಟಿತು. ಮಂಜಿಯ ತಿರುವು ಕಂಡಿತು. ನಾನು ಡಬಲ್ ಬೆಲ್ ಹೊಡೆದೆ. ಹಿಂದಿನಿಂದ ಯಾರೋ ಒಂದು ಬೆಲ್ ಹೊಡೆದರು, ಟಣ್ ಎಂದು ಒಂದೇ. ಭರತ್ ಬ್ರೇಕ್ ಒತ್ತಿದ.

ಹಗ್ಗ ಹಿಡಿದಿದ್ದವರು ಪರಿಮಳಕ್ಕ.

"ಇಳಿರೇ" ಎಂದರು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಇಳಿದರು. ಕಲ್ಲಿನ ಮುಂದೆ ನಿಲ್ಲುತ್ತಾರೆ ಎಂದುಕೊಂಡೆ. ಕಲ್ಲನ್ನು ದಾಟಿ ಹಿಂದಕ್ಕೆ ಹೋದರು. ಮಂಜಿಯ ಪಾಯಖಾನೆಯ ಮುಂದೆ ಸಾಲು ನಿಂತರು. ಮಂಜಿ ಕೊಡಪಾನ ಹಿಡಿದು ಓಡಿಬಂದಳು. "ಒಬ್ಬೊಬ್ರೇ ಹೋಗ್ರಾ, ಒಬ್ಬೊಬ್ರೇ! ಸ್ಫೂರ್ತಿ, ನೀನು ಬಾವಿಂದ ಎರಡು ಕೊಡ ಎಳಿ!"

ಗಂಡಸರು ರಸ್ತೆಯ ಆಚೆ ಬದಿಗೆ ಹೋಗಿ ಕಾಡಿನ ಕಡೆ ಮುಖಮಾಡಿ ನಿಂತರು. ಅವರಿಗೆ ಯಾವತ್ತೂ ಕಥೆ ಬೇಕಾಗಿರಲಿಲ್ಲ.

ನಾನು ಕಿಟಕಿಯಿಂದ ತಲೆ ಹಾಕಿ, "ಪರಿಮಳಕ್ಕಾ, ಎಂತ ಇದು? ಸಾಹೇಬರು ಬೈತಾರೆ" ಎಂದೆ.

ಅವರು ಸಾಲಿನಲ್ಲಿಂದಲೇ ತಿರುಗಿದರು. "ಎಂತದಾ ಮನೋಹರ, ಹೊಟ್ಟೆ ಹೇಳದು ದೇವ್ರು ನಿಂಗೊಬ್ಬಂಗೇ ಕೊಟ್ಟಿದ್ನನಾ? ಹನ್ನೆರಡು ವರ್ಷ ಆತು ಆನು ಈ ಬಸ್ಸಿಗೆ ಬಪ್ಪಲೆ ಹಿಡದು. ಎದ್ದಾಗಿಂದ ಶಿರಸಿ ಮುಟ್ಟವರೆಗೆ ಒಂದು ಗುಟುಕು ನೀರು ಕುಡಿತ್ನಿಲ್ಲೆ. ಇವ್ರನ್ನೆಲ್ಲಾ ಕೇಳು. ಸಾಹೇಬಂಗೆ ಎಂಗ ಎಲ್ಲಾ ಸೇರಿ ಬರೆದು ಕೊಡ್ತ್ಯ."

ಬಸ್ಸಿನಲ್ಲಿ ಉಳಿದವನು ನಾನೊಬ್ಬನೇ. ಸೀಟಿನಲ್ಲಿ ಕುಳಿತು ಡಿಪೋಕ್ಕೆ ಕೊಡುವ ದಿನದ ಹಾಳೆ ತುಂಬಲು ತೆಗೆದೆ. ಮಂಜಿಯ ತಿರುವು, ಆಗಲೇ ಹನ್ನೊಂದು ನಿಮಿಷ. ತಡವಾದ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಪೆನ್ನು ಕಚ್ಚುತ್ತಿರುವಾಗ ಪರಿಮಳಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹತ್ತಿ ಬಂದರು, ನನ್ನ ಪಕ್ಕದಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡರು, ಬಾಯಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದು ಅರ್ಧ ಬಾಟಲಿ ಗಟಗಟನೆ ಕುಡಿದರು.